ಜಪಾನಿಗೆ ಹೊರಟ ಬ್ರಾಂದಿ

ಕೊಯಮತ್ತೂರು ಬಸ್ಸು ಹೊರಡಲು ಇನ್ನು ಐದೇ ನಿಮಿಷ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ, ಊರಿನ ಅರ್ಧ ಜನ ನೋಡುತ್ತಿರುವಾಗಲೇ, ಹೆಡ್ ಕಾನ್‌ಸ್ಟೇಬಲ್ ಮುತ್ತಯ್ಯ ಹೊಸ ಟ್ರಂಕೊಂದರೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟ. ಉಣ್ಣೆ ಕೋಟಿನ ಮಡಿಕೆಯಲ್ಲಿ ಗಾಜು ತಾಕಿತು. ಇಲ್ಲದೇ ಇರಲಪ್ಪಾ ಎಂದು ಬೆಳಗಿನಿಂದ ಬೇಡಿಕೊಂಡಿದ್ದ. ಹೊರಗೆಳೆದು ನೋಡಿದರೆ—ಬ್ರಾಂದಿ ಬಾಟಲು.

ಟ್ರಂಕು ಮಾದಸ್ವಾಮಿಯದು. ಇಪ್ಪತ್ತಮೂರರ ಹುಡುಗ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೈಮೇಲೆ ನಿನ್ನೆ ಮೊನ್ನೆ ಹೊಲಿಸಿದ ಷರಾಯಿ, ಕೋಟು. ರೇಷ್ಮೆ ಕೆಲಸ ಕಲಿತು ಬರಲೆಂದು ಸರ್ಕಾರ ಅವನನ್ನು ಜಪಾನಿಗೆ ಕಳಿಸುತ್ತಿತ್ತು. ಬಸ್ಸಿನಲ್ಲಿ ಕೊಯಮತ್ತೂರು, ರೈಲಿನಲ್ಲಿ ಮದರಾಸು, ಶನಿವಾರ ಬೆಳಿಗ್ಗೆ ಅಲ್ಲಿಂದ ವಿಮಾನ. ಬೀಳ್ಕೊಡಲು ಬಂದವರು ಹಾಕಿದ್ದ ಚೆಂಡುಹೂವಿನ ಹಾರ ಇನ್ನೂ ಅವನ ಕೊರಳಲ್ಲೇ ಇತ್ತು.

ಅದು ಸಾವಿರದ ಒಂಬೈನೂರ ಐವತ್ತಮೂರನೇ ಇಸವಿಯ ಜನವರಿ, ಮಂಗಳವಾರ. ಕೊಳ್ಳೇಗಾಲ ಆಗ ಮದರಾಸು ರಾಜ್ಯದ ಊರು, ಮದರಾಸಿನಲ್ಲಿ ಪಾನನಿರೋಧ. ಒಂದು ತೊಟ್ಟು ಹೆಂಡ ಸಿಕ್ಕರೂ ಕೇಸು, ಕೋರ್ಟು. ಹತ್ತಿರದಲ್ಲೇ ಇದ್ದ ಯಳಂದೂರು ಮೈಸೂರು ರಾಜ್ಯಕ್ಕೆ ಸೇರಿದ್ದು. ಅಲ್ಲಿ ಹಗಲುಹೊತ್ತಿನಲ್ಲೇ ಅಂಗಡಿಗೆ ಹೋಗಿ ಕೇಳಿ ಕೊಳ್ಳಬಹುದಿತ್ತು.

"ಯಾರ್ದಪ್ಪಾ ಇದು?" ಎಂದ ಮುತ್ತಯ್ಯ.

ಮಾದಸ್ವಾಮಿ ಬಾಟಲನ್ನು ನೋಡಿದ. ಅದರ ಚೀಟಿಯನ್ನು ನೋಡಲಿಲ್ಲ, ಬಾಯಿಯನ್ನು ನೋಡಿದ. ಬಿರಡೆಗೆ ನೂಲು ಸುತ್ತಿ ಮೇಲೆ ಮೇಣ ಮೆತ್ತಿದ್ದ ಜಾಗದಲ್ಲೇ ಅವನ ಕಣ್ಣು ನಿಂತುಬಿಟ್ಟಿತು. ಮುಖದ ಕಳೆ ಇಳಿದುಹೋಯಿತು.

"ನಂದೇ ಸಾ," ಎಂದ.

ಬಸ್ಸು ಅವನನ್ನು ಬಿಟ್ಟು ಹೊರಟಿತು.

ಸ್ಟೇಷನ್ನಿನ ಸಬ್ ಇನ್‌ಸ್ಪೆಕ್ಟರ್ ಚೆನ್ನಯ್ಯನವರು ಮೆಲುಮಾತಿನ ಮನುಷ್ಯ. ಯಾವ ಕಾಗದವನ್ನೂ ಎರಡು ಸಲ ಓದದೆ ಕೆಳಗಿಡುವವರಲ್ಲ. ಈ ಚಾಳಿಗೆ ಮುತ್ತಯ್ಯ ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದ. ಮಾರ್ಟಳ್ಳಿಯಿಂದ ಬಂದು ಇಪ್ಪತ್ತೆಂಟು ವರ್ಷ ಸರ್ವೀಸು ಮಾಡಿದವನು ಅವನು. ಮಾಲು ಸಿಕ್ಕಿ, ಆಸಾಮಿ ಒಪ್ಪಿಕೊಂಡ ಮೇಲೆ ಕೇಸು ಮುಗಿದಂತೆಯೇ ಎಂದು ತಿಳಿದವನು. ಆದರೆ ಇವತ್ತು, ಜಪಾನಿಗೆ ಹೊರಟ ಹುಡುಗನೆಂದು, ಅವನಿಗೇ ಮುಗಿಸಲು ಮನಸ್ಸಿರಲಿಲ್ಲ.

ಸುಳಿವು ಕೊಟ್ಟದ್ದು ಒಂದು ಮೂಗರ್ಜಿ. ಬೆಳಿಗ್ಗೆ ಬಾಗಿಲು ತೆಗೆದಾಗ ಸಂದಿಯಲ್ಲಿ ಸಿಕ್ಕಿಸಿತ್ತು, ಹೆಸರಿಲ್ಲ, ರುಜುವಿಲ್ಲ. ಚೆನ್ನಯ್ಯನವರು ಅದನ್ನು ಮೇಜಿನ ಮೇಲೆ ಹರಡಿ ಮತ್ತೆ ಓದಿದರು. 'ಈ ದಿವಸ ಕೊಯಮತ್ತೂರು ಬಸ್ಸಿಗೆ ಹೋಗತಕ್ಕ ಮಾದಸ್ವಾಮಿ ಎಂಬುವನ ಟ್ರಂಕಿನಲ್ಲಿ ಸೀಲು ಮುರಿಯದ, ಕಂಠದವರೆಗೆ ತುಂಬಿದ ಬ್ರಾಂದಿ ಬಾಟಲು ಒಂದು ಇರುತ್ತದೆ.'

ಓದಿ ಮುಗಿಸಿ ಹುಡುಗನ ಕಡೆ ತಿರುಗಿದರು.

"ಎಲ್ಲಿ ತಗೊಂಡೆ?"

"ಯಳಂದೂರ್ಲಿ ಸಾ."

"ಯಾವ ಅಂಗಡಿ?"

ಹುಡುಗ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಎಷ್ಟು ಕೊಟ್ಟೆ?"

ಮಾದಸ್ವಾಮಿ ನೆಲ ನೋಡಿದ. ಎರಡು ರೂಪಾಯಿ ಎಂದ. ಎರಡು ರೂಪಾಯಿಗೆ ಆ ಬಾಟಲಿನ ಬಿರಡೆಯೂ ಬರುವುದಿಲ್ಲವೆಂದು ಮುತ್ತಯ್ಯನಿಗೆ ಗೊತ್ತಿತ್ತು.

"ಬಾಟಲು ನಾಲ್ಕು ಬೆರಳು ಖಾಲಿ ಇದೆಯಲ್ಲ. ಕುಡಿದೆಯಾ?"

"...ಊಂ ಸಾ."

"ಕುಡಿದವನು ಬಿರಡೆಗೆ ರೇಷ್ಮೆ ನೂಲು ಸುತ್ತಿ ಮೇಣ ಹಾಕಿ ಮುಚ್ಚಿಟ್ಟೆಯಾ?"

ಗದರಿಸಿದರು, ಪುಸಲಾಯಿಸಿದರು. ಹೀಗೆ ಒಪ್ಪಿಕೊಂಡರೆ ಜೈಲಾದರೂ ಆದೀತು, ಪಾಸ್‌ಪೋರ್ಟಂತೂ ಹೋಗುತ್ತದೆ. ಗುರುವಾರ ಬೆಳಗಿನ ಬಸ್ಸು ಹಿಡಿಯದಿದ್ದರೆ ಶನಿವಾರದ ವಿಮಾನವಿಲ್ಲ, ಈ ವಿಮಾನ ತಪ್ಪಿದರೆ ಸೀಟೇ ಇಲ್ಲ ಎಂದು ಬಿಡಿಸಿ ಹೇಳಿದರು. ಹುಡುಗನ ಕಣ್ಣಲ್ಲಿ ನೀರು ತುಂಬಿತೇ ಹೊರತು ಮಾತು ಬರಲಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆಂದು ಮುತ್ತಯ್ಯನಿಗೂ ಖಾತ್ರಿಯಾಯಿತು. ಆದರೆ ಯಾರಿಗಾಗಿ?

ಮೊದಲು ಕರೆಸಿದ್ದು ಬಿಳಿಗಿರಿಯನ್ನು. ಜಪಾನಿನ ಸೀಟಿಗೆ ಅರ್ಜಿ ಹಾಕಿದವರಲ್ಲಿ ಎರಡನೆಯವನು. ಮಾದಸ್ವಾಮಿ ನಿಂತರೆ ಹೋಗಬೇಕಾದವನು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಕಾರಣ ಬೇಕೆ ಎಂದುಕೊಂಡು ಮುತ್ತಯ್ಯ ಅವನ ರಟ್ಟೆ ಹಿಡಿದೇ ಕರೆತಂದಿದ್ದ. ಬಿಳಿಗಿರಿ ಬೆದರಲಿಲ್ಲ. ತಾನು ಪಾಸ್‌ಪೋರ್ಟಿಗೆ ಇನ್ನೂ ಅರ್ಜಿಯನ್ನೇ ಬರೆದಿಲ್ಲ, ಅದು ಬರುವ ಹೊತ್ತಿಗೆ ವಿಮಾನ ಹೋಗಿ ತಿಂಗಳಾಗಿರುತ್ತದೆ, ಸೀಟು ಯಾರಿಗೂ ದಕ್ಕದೆ ಹಾಳಾಗುತ್ತದೆ ಎಂದ. ಮಾದಸ್ವಾಮಿಯ ಟ್ರಂಕನ್ನಾಗಲಿ ಮನೆಯನ್ನಾಗಲಿ ತಾನು ಕಂಡೇ ಇಲ್ಲವೆಂದೂ ಹೇಳಿದ. ವಿಚಾರಿಸಿದಾಗ ಎರಡೂ ನಿಜವಾಗಿತ್ತು. ಮುತ್ತಯ್ಯ ಪೆಚ್ಚಾದ.

ಮಧ್ಯಾಹ್ನಕ್ಕೆ ಹುಡುಗನ ಸೋದರಮಾವ ಕೆಂಪನಂಜಪ್ಪ ತಾನಾಗಿಯೇ ಬಂದ. ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ ಜಮೀನುಂಟು, ಭಾರಿ ಆಳು, ಭಾರಿ ಧ್ವನಿ. ಅಳಿಯನನ್ನು ಕಳಿಸಿಕೊಡಲೆಂದು ಎರಡು ದಿನದಿಂದ ಕೊಳ್ಳೇಗಾಲದಲ್ಲೇ ಇದ್ದ. ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ತಂದವನೂ ಅವನೇ. ಈಗ ಆ ಧ್ವನಿ ಅಡಗಿತ್ತು. ಎಳೇ ಹುಡುಗ, ಬುದ್ಧಿಯಿಲ್ಲ, ಏನೋ ಮಾಡಿಕೊಂಡಿದ್ದಾನೆ, ಬಿಟ್ಟುಬಿಡಿ ಎಂದು ಕೈ ಮುಗಿದ. ಜಪಾನೂ ಬೇಡ ಗಿಪಾನೂ ಬೇಡ, ಊರಲ್ಲೇ ಇದ್ದುಕೊಂಡು ಹೊಲ ನೋಡಿಕೊಳ್ಳುತ್ತಾನೆ, ಅದಕ್ಕೆ ತಾನು ಜಾಮೀನು ಎಂದ. ಹುಡುಗನ ತಾಯಿಗೆ ಸುದ್ದಿ ಮುಟ್ಟಿತೇ ಎಂದು ಚೆನ್ನಯ್ಯನವರು ಕೇಳಿದರು. ಅಕ್ಕ ವೀರಮ್ಮ ನಿನ್ನೆ ಬೆಳಿಗ್ಗೆಯೇ ಕೇರಿಯ ಹೆಂಗಸರ ಜೊತೆ ಕಾಲ್ನಡಿಗೆಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಳು, ಮಗ ವಿಮಾನ ಹತ್ತುವ ಹೊತ್ತಿಗೆ ಮಾದಪ್ಪನ ಮುಂದೆ ಇರುತ್ತೇನೆಂಬುದು ಅವಳ ಹರಕೆ ಎಂದ ಕೆಂಪನಂಜಪ್ಪ.

ಅವನು ಹೋದ ಮೇಲೆ ಚೆನ್ನಯ್ಯನವರು ಟ್ರಂಕನ್ನು ಮೇಜಿನ ಮೇಲೆ ಇಡಿಸಿದರು.

ಬೆಳಿಗ್ಗೆ ಪಂಚನಾಮೆಯಲ್ಲಿ ಎಲ್ಲವನ್ನೂ ಬರೆದಾಗಿತ್ತು: ಅಂಗಿ, ಪಂಚೆ, ಕೋಟು, ವಿಭೂತಿ ಗಟ್ಟಿ, ಹರಳೆಣ್ಣೆ ಬಾಟಲು, ಜೇನುತುಪ್ಪದ ಬಾಟಲು, ನಿಂಬೆ ಉಪ್ಪಿನಕಾಯಿ ಜಾಡಿ, ವಿಮಾನ ಕಂಪನಿಯ ಅಚ್ಚಾದ ಹಾಳೆ. ಇನ್ನೇನು ನೋಡುವುದಿದೆ ಎಂದು ಮುತ್ತಯ್ಯ ಗೊಣಗಿದ. ಸಾಹೇಬರು ಕಿವಿಗೆ ಹಾಕಿಕೊಳ್ಳದೆ ಆ ಇಂಗ್ಲಿಷ್ ಹಾಳೆಯನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಎಣ್ಣೆ, ಜೇನು, ಉಪ್ಪಿನಕಾಯಿ, ಬ್ರಾಂದಿ ನಾಲ್ಕನ್ನೂ ಕಿಟಕಿಯ ಬೆಳಕಿಗೆ ಸಾಲಾಗಿ ನಿಲ್ಲಿಸಿ ಒಂದೊಂದಾಗಿ ನೋಡಿದರು.

"ಮುತ್ತಯ್ಯ, ಹನೂರಿನ ಬಸ್ಸು ಹತ್ತು. ಆ ತಾಯಿ ಎಲ್ಲಿ ಸಿಕ್ಕರೂ ಕರೆದುಕೊಂಡು ಬಾ. ಮಗನನ್ನು ಹಿಡಿದಿದ್ದೇವೆಂದು ಮೊದಲೇ ಹೇಳಬೇಡ. ಆ ಉಪ್ಪಿನಕಾಯಿ ತುಂಬಿಸಿದ್ದು ಯಾರು ಅಂತ ಮಾತ್ರ ಕೇಳು."

ಬ್ರಾಂದಿಯ ಕೇಸಿಗೆ ಉಪ್ಪಿನಕಾಯಿ ವಿಚಾರಣೆ. ತಲೆ ಚಚ್ಚಿಕೊಳ್ಳುವಂತಾಯಿತು ಮುತ್ತಯ್ಯನಿಗೆ. ಆದರೂ ಹೋದ. ಹನೂರಿನಲ್ಲಿ ಇಳಿದು, ಬಾಡಿಗೆ ಸೈಕಲ್ಲು ತುಳಿದು, ಬಿಸಿಲು ಇಳಿಯುವ ಹೊತ್ತಿಗೆ ಕೌದಳ್ಳಿ ಮುಟ್ಟಿದ. ಬೆಟ್ಟಕ್ಕೆ ಹೋಗುವ ಪರಸೆಯವರು ಹುಣಸೆಮರದ ಕೆಳಗೆ ಒಲೆ ಹೂಡಿದ್ದರು. ವೀರಮ್ಮ ಯಾರು ಎಂದು ಕೇಳಿದಾಗ ಐವತ್ತರ ಆಸುಪಾಸಿನ ವಿಧವೆಯೊಬ್ಬಳು ಎದ್ದು ನಿಂತಳು. ಕಾಲಿನ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಖಾಕಿ ನೋಡಿ ಆಕೆಯ ಮುಖ ಬಿಳಿಚಿತು.

ಗಾಬರಿ ಬೇಡ ತಾಯಿ ಎಂದು ಹೇಳಿ, ಟ್ರಂಕಿನಲ್ಲಿದ್ದ ಉಪ್ಪಿನಕಾಯಿ ತುಂಬಿಸಿದ್ದು ಯಾರೆಂದು ಕೇಳಿದ.

"ನಾನೇ ಕಣಪ್ಪಾ," ಎಂದಳು ವೀರಮ್ಮ. "ಯಾಕೆ, ಸೋರ್ತಾ? ಯಾವ್ದು, ಉಪ್ಪಿನ್ಕಾಯಾ ಇಲ್ಲಾ ಇನ್ನೊಂದಾ?"

ಗಾಳಿ ಬೀಸಿಕೊಳ್ಳುತ್ತಿದ್ದ ಟೋಪಿ ಮುತ್ತಯ್ಯನ ಕೈಲಿ ಅಲ್ಲೇ ನಿಂತಿತು.

"ಇನ್ನೊಂದು ಯಾವ್ದು ತಾಯಿ?"

ಆಕೆ ಅವನನ್ನೇ ನೋಡಿದಳು. ಅವನು ಬಂದದ್ದೇಕೆಂದು ಆಗ ತಿಳಿಯಿತು. ಕುಸಿದು ಕೂರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಲೆಯ ಹತ್ತಿರದಿಂದ ಅವನನ್ನು ಆಚೆಗೆ ಕರೆದುಕೊಂಡು ಹೋಗಿ, ಸಣ್ಣ ದನಿಯಲ್ಲಿ ಹೇಳಿದಳು.

"ನನ್ ದೊಡ್ಡ ಮಗ ಒಂಬತ್ತು ವರ್ಸದಲ್ಲಿ ಶೀತ ಆಗಿ ಎದೆ ಕಟ್ಕಂಡು ಸತ್ತ. ಬಿಸ್ನೀರಿಗೆ ಒಂದ್ ಚಮಚ ಬ್ರಾಂದಿ ಆಕಿ ಕುಡ್ಸಿ ಅಂತ ವೈದ್ಯರು ಏಳಿದ್ರು. ಲಿಂಗ ಇರಾ ಮನೆಗೆ ಅದು ಬರಬ್ಯಾಡ ಅಂದ್ರು ನಮ್ಮೆಜಮಾನ್ರು. ನಾನು ಸುಮ್ನಿದ್ದೆ. ಅಲ್ಲಿ ಮೊಣಕಾಲ್ಗಂಟ ಮಂಜು ಬೀಳ್ತದಂತೆ. ಇವನಿಗೂ ಅಂಗಾದ್ರೆ? ಈ ಸಲ ಸುಮ್ನಿರಾಕಾಗ್ನಿಲ್ಲ."

ಒಂದು ಚಮಚ ಬ್ರಾಂದಿಯಿಂದ ಆ ಮಗು ಉಳಿಯುತ್ತಿತ್ತೇ? ಮುತ್ತಯ್ಯನಿಗೆ ಅನುಮಾನ. ಆದರೆ ಅಷ್ಟು ವರ್ಷ ಅದನ್ನೇ ಹೊತ್ತುಕೊಂಡವಳ ಎದುರು ಆ ಮಾತು ತೆಗೆಯಲು ಅವನಿಗೆ ನಾಲಿಗೆ ಏಳಲಿಲ್ಲ. ಬಾಟಲು ತಂದುಕೊಟ್ಟವರು ಯಾರೆಂದು ಕೇಳಿದ. ವೀರಮ್ಮ ತಲೆ ಅಡ್ಡಡ್ಡ ಆಡಿಸಿದಳು. ತನ್ನ ಮೇಲಿನ ಪ್ರೀತಿಗೆ ತಂದವರು, ಅವರ ಹೆಸರು ಪ್ರಾಣ ಹೋದರೂ ಹೇಳುವುದಿಲ್ಲ ಎಂದಳು. ಆಮೇಲೆ ಬೆಟ್ಟದ ದಿಕ್ಕಿಗೆ ಕೈ ಮುಗಿದು, ಗಂಟು ಎತ್ತಿಕೊಂಡು, ಕೊಳ್ಳೇಗಾಲದ ಕಡೆ ತಿರುಗಿದಳು. ಮಾದಪ್ಪನ ಹರಕೆಯನ್ನು ಅರ್ಧದಾರಿಯಲ್ಲಿ ಬಿಟ್ಟು ತಿರುಗಿದವರನ್ನು ಮುತ್ತಯ್ಯ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಗಾಡಿ, ಬಸ್ಸು ಹಿಡಿದು ಅವರು ಸ್ಟೇಷನ್ನು ಮುಟ್ಟಿದಾಗ ಬುಧವಾರ ಮಧ್ಯಾಹ್ನ. ಕೆಂಪನಂಜಪ್ಪನನ್ನು ಆಗಲೇ ಕರೆಸಿ ಬೆಂಚಿನ ಮೇಲೆ ಕೂರಿಸಿದ್ದರು. ಲಾಕಪ್ಪಿನಿಂದ ಮಾದಸ್ವಾಮಿಯನ್ನೂ ತಂದರು. ತಾಯಿಯನ್ನು ಕಂಡದ್ದೇ ಹುಡುಗ, "ಅವ್ವ, ನೀನ್ಯಾಕ್ ಬಂದೆ? ನಾನೇ ಅಂತ ಒಪ್ಕಂಡಿವ್ನಿ," ಎಂದ. ವೀರಮ್ಮ ಅವನಿಗೆ ಉತ್ತರ ಕೊಡದೆ ಸಾಹೇಬರ ಮುಂದೆ ನಿಂತು, ಅದನ್ನು ಟ್ರಂಕಿನಲ್ಲಿ ಇಟ್ಟವಳು ನಾನು, ಮಗನಿಗೆ ಏನೂ ಗೊತ್ತಿಲ್ಲ ಎಂದು ನೇರವಾಗಿ ಹೇಳಿದಳು.

"ಗೊತ್ತಿದೆ ತಾಯಿ," ಎಂದರು ಚೆನ್ನಯ್ಯನವರು. "ನಿನ್ನೆಯೇ ಗೊತ್ತಾಯಿತು."

ಮುತ್ತಯ್ಯ ಬಾಯಿ ಬಿಟ್ಟುಕೊಂಡು ನಿಂತ. ಸಾಹೇಬರು ವಿಮಾನ ಕಂಪನಿಯ ಹಾಳೆಯನ್ನು ಮೇಲೆತ್ತಿ ತೋರಿಸಿದರು.

ಅದರಲ್ಲಿ ಒಂದು ಸಾಲು ಇತ್ತು. ವಿಮಾನ ಮೇಲೇರಿದಾಗ ಬಾಟಲಿನೊಳಗಿನ ಗಾಳಿ ಹಿಗ್ಗುತ್ತದೆ, ಬಿರಡೆ ಹಾರಿ ಬಟ್ಟೆಬರೆ ಹಾಳಾದೀತು. ಆದ್ದರಿಂದ ಯಾವ ಬಾಟಲನ್ನೂ ಕಂಠದವರೆಗೆ ತುಂಬಬೇಡಿ ಎಂದು. ಮಗ ಅದನ್ನು ಕನ್ನಡ ಮಾಡಿ ತಾಯಿಗೆ ಓದಿ ಹೇಳಿದ್ದ. ತಾಯಿ ಹೇಳಿದ್ದನ್ನು ಹೇಳಿದಂತೆ ನಡೆಸಿದ್ದಳು. ಹರಳೆಣ್ಣೆ ನಾಲ್ಕು ಬೆರಳು ಕಡಿಮೆ, ಜೇನು ನಾಲ್ಕು ಬೆರಳು ಕಡಿಮೆ, ಉಪ್ಪಿನಕಾಯಿ ನಾಲ್ಕು ಬೆರಳು ಕಡಿಮೆ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಯವಳಾದ್ದರಿಂದ ಮೂರರ ಬಾಯಿಗೂ ಹಸಿ ರೇಷ್ಮೆ ನೂಲು ಬಿಗಿದು ಮೇಣ ಮೆತ್ತಿದ್ದಳು. ಬ್ರಾಂದಿಗೂ ಅದೇ ಉಪಚಾರ.

"ನಾವು ನಿನ್ನೆ ಬೆಳಗಿನಿಂದ ಒಂದೇ ಬಾಟಲು ನೋಡಿದೆವು ಮುತ್ತಯ್ಯ. ಪಕ್ಕದಲ್ಲಿದ್ದ ಮೂರನ್ನು ಬರೆದುಕೊಂಡೆವು, ನೋಡಲಿಲ್ಲ. ಹುಡುಗನನ್ನು ಸಿಕ್ಕಿಹಾಕಿಸಬೇಕೆಂದು ಹಗೆಯವನು ಇಟ್ಟಿದ್ದರೆ ಅದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಸಾಕಿತ್ತು. ವಿಮಾನದಲ್ಲಿ ಸೋರದಂತೆ ಜೋಪಾನ ಮಾಡುವ ಕರ್ಮ ಅವನಿಗೆ ಯಾಕೆ? ಇದನ್ನಿಟ್ಟವರಿಗೆ ಇದು ಜಪಾನು ಮುಟ್ಟಬೇಕಾಗಿತ್ತು. ಆ ಗಂಟು ಯಾರ ಕೈಯದೆಂದು ಮಗ ಕಂಡ ತಕ್ಷಣ ಗುರುತು ಹಿಡಿದ. ಅದಕ್ಕೇ ನಂದು ಎಂದ."

ಹಾಗಾದರೆ ಕಾಗದ ಬರೆದವರು ಯಾರು? ಮುತ್ತಯ್ಯ ಅದನ್ನು ಕೇಳಿಯೇಬಿಟ್ಟ.

ಚೆನ್ನಯ್ಯನವರು ಆ ಮೂಗರ್ಜಿಯನ್ನು ಮೂರನೆಯ ಸಲ ಓದಿದರು, ಈ ಸಲ ಗಟ್ಟಿಯಾಗಿ. ಸೀಲು ಮುರಿಯದ, ಕಂಠದವರೆಗೆ ತುಂಬಿದ ಬಾಟಲು. ಟ್ರಂಕಿನಲ್ಲಿ ಸಿಕ್ಕ ಬಾಟಲಿನ ಸೀಲು ಮುರಿದಿತ್ತು, ಕಂಠದವರೆಗೆ ಇರಲೂ ಇಲ್ಲ. ಬರೆದವನು ಸುಳ್ಳು ಬರೆಯಲಿಲ್ಲ; ತಾನು ಕಂಡದ್ದನ್ನೇ ಬರೆದ. ವೀರಮ್ಮ ಅದನ್ನು ತೆರೆದು ನಾಲ್ಕು ಬೆರಳು ಚೆಲ್ಲುವುದಕ್ಕೆ ಮುಂಚೆ ಕಂಡಿದ್ದ, ಆಮೇಲೆ ಕಾಣಲಿಲ್ಲ.

"ಅಂಗಡಿಯವನೂ ತುಂಬಿದ್ದನ್ನೇ ಕಂಡಿರ್ತಾನಲ್ಲ," ಎಂದ ಕೆಂಪನಂಜಪ್ಪ. ಯಾರೂ ಅವನನ್ನು ಕೇಳಿರಲಿಲ್ಲ.

"ಕಂಡಿರ್ತಾನೆ. ಅದು ಯಾವ ಟ್ರಂಕಿಗೆ ಹೋಗ್ತದೆ, ಆ ಟ್ರಂಕು ಯಾವ ಬಸ್ಸಿಗೆ ಏರ್ತದೆ ಅಂತ ಅವನಿಗೆ ಹೇಗೆ ಗೊತ್ತು ಕೆಂಪನಂಜಪ್ಪನೋರೆ? ತಾಯಿ, ಹೆಸರು ಹೇಳುವುದು ಬೇಡ. ಒಂದೇ ಮಾತು ಹೇಳಿ. ತಂದುಕೊಟ್ಟವರ ಎದುರಿಗೆ ನೀವು ಅದನ್ನು ತೆರೆದಿರಾ?"

"ಇಲ್ಲ," ಎಂದಳು ವೀರಮ್ಮ. "ಕೊಟ್ಬುಟ್ಟು ಅಂಗೇ ಆಚೆಗೆ ಓದ. ಆಮೇಲೆ..."

ಮಾತು ಅಲ್ಲಿಗೇ ನಿಂತಿತು. ಹೇಳುವುದಿಲ್ಲವೆಂದವಳು ಈಗ ಮೆಲ್ಲಗೆ ತಮ್ಮನ ಕಡೆ ತಿರುಗಿದಳು. ಅವಳು ತಿರುಗಿದ್ದನ್ನು ಎಲ್ಲರೂ ನೋಡಿದರು.

ಕೆಂಪನಂಜಪ್ಪ ಎದ್ದು ನಿಲ್ಲಲು ಹೋಗಿ ಮತ್ತೆ ಬೆಂಚಿಗೆ ಬಿದ್ದ. ಅಕ್ಕ ಕೇಳಿದಳೆಂದು ಯಳಂದೂರಿನಲ್ಲಿ ಕೊಂಡು, ವೀಳ್ಯದೆಲೆಯ ಪೆಂಡಿಯಲ್ಲಿ ಅಡಗಿಸಿ ಗಡಿ ದಾಟಿಸಿದ್ದು ತಾನೇ ಎಂದ. ಕಾಗದ ಬರೆದದ್ದೂ ತಾನೇ ಎಂದ. ಅವನ ಮಗಳು ಸುವರ್ಣಮ್ಮ ಹುಟ್ಟಿದಾಗಲೇ ಮಾದಸ್ವಾಮಿಗೆ ಎಂದು ಮಾತಾಗಿತ್ತು. ತೊಟ್ಟಿಲಲ್ಲೇ ಆಡಿದ ಮಾತು.

"ಜಪಾನ್ ನೋಡ್ಕಂಡ್ ಬಂದೋನು ನನ್ ಮಗಳ್ನ ಮಾಡ್ಕತಾನಾ ಸಾ? ಬಾಟ್ಲು ಕಿತ್ಕತಾರೆ, ಬಸ್ಸು ತಪ್ತದೆ, ಊರಲ್ಲೇ ಉಳ್ಕತಾನೆ, ಅಷ್ಟೇಯ ಅಂದ್ಕಂಡಿದ್ದೆ. ಜೈಲಿಗಾಕ್ತಾರೆ ಅಂತ ನನ್ಗೆ ಗೊತ್ತಿರ್ನಿಲ್ಲ."

ಮಾದಸ್ವಾಮಿ ಮಾವನ ಮುಖ ನೋಡಲಾರದೆ ಗೋಡೆಗೆ ತಿರುಗಿಕೊಂಡ. ಮುತ್ತಯ್ಯನಿಗೆ ಸಿಟ್ಟು ನೆತ್ತಿಗೇರಿತ್ತು. ಸಾಹೇಬರು ಇಲ್ಲದಿದ್ದರೆ ಕೈ ಮಾಡಿಬಿಡುತ್ತಿದ್ದನೇನೋ. ಆದರೆ ವೀರಮ್ಮ ಬೈಯಲಿಲ್ಲ. ತಮ್ಮನ ಎದುರಿಗೆ ಬಂದು ನಿಂತಳು.

"ನನ್ ಒಂದ್ ಮಾತು ಕೇಳ್ಬಾರ್ದಾಗಿತ್ತಾ? ಅವ್ನು ಓಗದು ನನ್ಗೂ ಬೇಕಾಗಿರ್ನಿಲ್ಲ ಕಣಾ. ಬ್ಯಾಡ ಅಂತ ಬಾಯ್ಬುಟ್ಟಿದ್ರೆ ನಿಂತ್ಬುಡ್ತಿದ್ದ. ಅವನ ಆಸೆ ನೋಡಿ ಬಾಯ್ ಮುಚ್ಕಂಡಿದ್ದೆ. ನೀನೂ ಮುಚ್ಕಂಡಿರ್ಬೇಕಾಗಿತ್ತು."

ಚೆನ್ನಯ್ಯನವರು ಲೇಖನಿ ತೆಗೆದರು. ಗಡಿ ದಾಟಿಸಿದ್ದಕ್ಕೆ ಕೆಂಪನಂಜಪ್ಪನ ಮೇಲೆ ಕೇಸು. ಮನೆಯಲ್ಲಿಟ್ಟುಕೊಂಡು ಟ್ರಂಕಿಗೆ ಸೇರಿಸಿದ್ದಕ್ಕೆ ವೀರಮ್ಮನ ಮೇಲೂ ಕೇಸು. ಅದನ್ನು ಬರೆಯದೆ ಬಿಡಲು ಕಾನೂನಿನಲ್ಲಿ ದಾರಿ ಇರಲಿಲ್ಲ, ಹುಡುಕಿದ್ದರು. ಮಾದಸ್ವಾಮಿ ಬಿಡುಗಡೆ. ಹುಡುಗ ಮಾತ್ರ ಜಗ್ಗಲಿಲ್ಲ. ಅವ್ವನನ್ನು ಕೋರ್ಟಿನಲ್ಲಿ ನಿಲ್ಲಿಸಿ ತಾನು ವಿಮಾನ ಹತ್ತುವುದಿಲ್ಲ ಎಂದು ಟ್ರಂಕಿನ ಮೇಲೆ ಕೂತುಬಿಟ್ಟ. ವೀರಮ್ಮ ಅವನ ತಲೆಯ ಮೇಲೆ ಕೈ ಇಟ್ಟಳು. ನೀನು ಇಲ್ಲೇ ಉಳಿದರೆ ನಿನ್ನ ಮಾವ ಬರೆದ ಕಾಗದವೇ ಗೆದ್ದಂತಾಯಿತು, ನಾನು ಕೋರ್ಟಿಗೆ ನಿಂತದ್ದೂ ದಂಡ, ಎದ್ದೇಳು ಎಂದಳು. ಬೇಡ ಎನ್ನುವ ಮಾತನ್ನು ನುಂಗಿಕೊಂಡೇ ಅಷ್ಟನ್ನೂ ಹೇಳಿದಳೆಂದು ಮುತ್ತಯ್ಯನಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿದವನು ಮುತ್ತಯ್ಯನೇ. ಬಸ್ಸು ಕಣ್ಮರೆಯಾದ ಮೇಲೆ ಕೋರ್ಟಿಗೆ ಹೋದ. ಕೆಂಪನಂಜಪ್ಪನಿಗೆ ಮೂರು ತಿಂಗಳು ಸಜೆಯಾಯಿತು. ವೀರಮ್ಮನ ಸರದಿ ಬಂದಾಗ ಆಕೆ ತಪ್ಪು ಒಪ್ಪಿಕೊಂಡಳು. ವಯಸ್ಸಾದವಳು, ಮೊದಲ ತಪ್ಪು, ಕಾರಣವನ್ನು ಸಬ್ ಇನ್‌ಸ್ಪೆಕ್ಟರೇ ಬರೆದಿದ್ದರು. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿ, ಇನ್ನು ಮುಂದೆ ಇಂಥದನ್ನು ಮಾಡುವುದಿಲ್ಲ ತಾನೇ ಎಂದು ಕೇಳಿದರು.

ವೀರಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಕೇಳಿದ್ದಕ್ಕೆ ಸುಳ್ಳಾಡಬಾರದೆಂದು ಯೋಚಿಸುತ್ತಿದ್ದಾಳೆಂದು ಮುತ್ತಯ್ಯನಿಗೆ ಅನ್ನಿಸಿತು.

"ಮಾಡಾಕೆ ನನ್ಗೆ ಇನ್ನೊಬ್ಬ ಮಗ ಇಲ್ವಲ್ಲ ಬುದ್ಧಿ," ಎಂದಳು.

ಮ್ಯಾಜಿಸ್ಟ್ರೇಟರು ತಲೆ ಬಗ್ಗಿಸಿ, ಈ ದಿನ ಕೋರ್ಟು ಏಳುವವರೆಗೆ ಇಲ್ಲೇ ಕೂತಿರತಕ್ಕದ್ದು ಎಂದಷ್ಟೇ ಶಿಕ್ಷೆ ಬರೆದರು. ವೀರಮ್ಮ ಗೋಡೆಗೆ ಒರಗಿ ಕೂತುಕೊಂಡಳು.